112 ಗರಿ, 142 ಫೈಲು

ನಾವು ಫೋಟೊ ತೆಗೆಯುತ್ತಿದ್ದ ತಾಳೆಗರಿ ಹಸ್ತಪ್ರತಿಯ ಕಟ್ಟಿನಲ್ಲಿ 112 ಗರಿ. ಎರಡೂ ಮಗ್ಗುಲು ಸೇರಿ 224 ಚಿತ್ರ ಬರಬೇಕು. ಸಂಜೆ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದು 142. ಅಷ್ಟು ಹೊತ್ತಿಗೆ ದಾರ ಪೋಣಿಸಿ, ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ ಆಗಿತ್ತು. ಕ್ಯಾಮೆರಾದ ಕಾರ್ಡನ್ನೂ ಮುಂದಿನ ಕಟ್ಟಿಗೆಂದು ಫಾರ್ಮ್ಯಾಟ್ ಮಾಡಿ ಆಗಿತ್ತು.

ಕಾಪಿ ಅರ್ಧಕ್ಕೆ ನಿಂತಿರಬೇಕು ಅಂದುಕೊಂಡು ಕೇಬಲ್ ಬದಲಿಸಿದೆವು, ಡಿಸ್ಕು ಬದಲಿಸಿದೆವು. ಇಪ್ಪತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ 1ನೇ ಗರಿಯ ಚಿತ್ರ ತೆರೆದರೆ ವಚನ ಇರಬೇಕಾದಲ್ಲಿ ಸಾಂಗತ್ಯದ ಪದ್ಯ! ಅದು ಮಿಶ್ರಕಟ್ಟು: 71 ಗರಿಯ ವಚನ ಸಂಕಲನ, ಹಿಂದೆ 41 ಗರಿಯ ಸಾಂಗತ್ಯ. ಎರಡನೆಯದಕ್ಕೆ ಲಿಪಿಕಾರ ಎಡ ಅಂಚಿನಲ್ಲಿ ಮತ್ತೆ ಒಂದರಿಂದ ಅಂಕಿ ಹಾಕಿದ್ದ. ಗರಿಸಂಖ್ಯೆಯೇ ಫೈಲಿನ ಹೆಸರಾದರೆ ಓದುವವರಿಗೆ ಸುಲಭ ಎಂದು ಪಟ್ಟು ಹಿಡಿದದ್ದು ನಾನೇ. ಹೆಸರು ಬದಲಿಸುವ ಸ್ಕ್ರಿಪ್ಟು ಏನೂ ಕೇಳದೆ ಹೊಸ 82 ಚಿತ್ರಗಳನ್ನು ಹಳೆಯ 82ರ ಮೇಲೆ ಹಾಕಿಬಿಟ್ಟಿತ್ತು.

ಮತ್ತೆ ಬಿಚ್ಚಬೇಕಾಯಿತು. ಒಣಗಿದ ಗರಿ ಮೊದಲು ಸೀಳುವುದು ದಾರದ ತೂತಿನ ಹತ್ತಿರ. ಲಿಪಿಕಾರರು ತೂತಿನ ಸುತ್ತ ಜಾಗ ಬಿಟ್ಟೇ ಬರೆಯುತ್ತಾರೆ, ಆದರೆ ಸೀಳು ನಾರಿನ ಉದ್ದಕ್ಕೆ ಓಡಿ ಅಕ್ಷರ ಮುಟ್ಟುತ್ತದೆ. ಆ ದಿನ ಮೂರು ಗರಿ ಸೀಳಿದವು. ಒಂದರಲ್ಲಿ ಎರಡು ಅಕ್ಷರ ಹೋದವು. ಅಕ್ಷರ ಕಾಣಲೆಂದು ಎಣ್ಣೆ ಬೆರೆಸಿದ ಮಸಿ ಮೊದಲೇ ಹಚ್ಚಿದ್ದರಿಂದ ಮತ್ತೆ ಉಜ್ಜುವುದು ಮಾತ್ರ ತಪ್ಪಿತು. (ಮಸಿ ಕಂಠ ಎಂಬ ಕಬ್ಬಿಣದ ಕಡ್ಡಿಯಿಂದ ಕೊರೆದ ಗರಿಗೆ ಮಾತ್ರ. ಮೂಡಬಿದಿರೆಯಲ್ಲಿರುವ ಜೈನ ಗ್ರಂಥ ಧವಲಾದ ಪ್ರತಿಗಳ ಹಾಗೆ ಶಾಯಿಯಲ್ಲಿ ಬರೆದ ಗರಿಗೆ ಎಣ್ಣೆ ಬಟ್ಟೆ ತಾಗಿಸಲೇಬಾರದು.)

ಈಗ ಫೈಲಿನ ಹೆಸರು ಕಟ್ಟಿನ ಸಂಖ್ಯೆ, ಅದರ ಮುಂದೆ 0001ರಿಂದ ಸರಣಿ, ಅಷ್ಟೇ. ಗರಿಸಂಖ್ಯೆ, ಕೃತಿಯ ಹೆಸರು, ಮಗ್ಗುಲು ಎಲ್ಲ ವಿವರಪಟ್ಟಿಯ ಬೇರೆ ಬೇರೆ ಕಾಲಂಗೆ. ಗರಿಗಳು ಹಿಂದುಮುಂದಾಗಿದ್ದರೂ ಸಿಕ್ಕ ಕ್ರಮದಲ್ಲೇ ಫೋಟೊ, ಜೋಡಿಸುವುದು ಪಟ್ಟಿಯಲ್ಲಿ. ಬಿಚ್ಚಿದ ಕೂಡಲೇ ಗರಿ ಎಣಿಸಿ ಚೀಟಿಯಲ್ಲಿ ಬರೆದು, ಆ ಚೀಟಿ, ಅಳತೆಪಟ್ಟಿ, ಬಣ್ಣದ ಪಟ್ಟಿ ಇಟ್ಟು ಮೊದಲ ಚಿತ್ರ. 45 ಸೆಂ.ಮೀ. ಗರಿಯನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಉದ್ದಕ್ಕೆ ತುಂಬಿಸಿದರೆ ಇಂಚಿಗೆ 300 ಪಿಕ್ಸೆಲ್ ದಾಟುತ್ತದೆ. 300ಕ್ಕಿಂತ ಕಡಿಮೆಯಾಗುವಷ್ಟು ಉದ್ದದ್ದನ್ನು ಎರಡು ಭಾಗವಾಗಿ ತೆಗೆಯಬೇಕು. ಆಗ ಲೆಕ್ಕ ಗರಿಗೆ ಎರಡಲ್ಲ, ನಾಲ್ಕು.

ಅದೇ ಹೆಸರು ಮೊದಲೇ ಇದ್ದರೆ ಸ್ಕ್ರಿಪ್ಟು ಅಲ್ಲೇ ನಿಲ್ಲಬೇಕು. ಎರಡು ಪ್ರತಿ ಆಗಿ, ಚೆಕ್‌ಸಮ್ (ಪ್ರತಿ ಮೂಲದಂತೆಯೇ ಇದೆಯೇ ಎಂದು ನೋಡುವ ಅಂಕಿ) ಹೊಂದಿ, ಚೀಟಿಯ ಎಣಿಕೆಗೆ ಚಿತ್ರದ ಎಣಿಕೆ ತಾಳೆಯಾಗುವ ತನಕ ದಾರ ಪೋಣಿಸುವಂತಿಲ್ಲ, ಕಾರ್ಡು ಮುಟ್ಟುವಂತಿಲ್ಲ. ಇದಕ್ಕೆ ಕಟ್ಟೊಂದಕ್ಕೆ ಅರ್ಧ ಗಂಟೆ ಹೆಚ್ಚು. ಮೇಲಿನವರು ದಿನಕ್ಕೆ ಎಷ್ಟು ಚಿತ್ರ ಅಂತ ಕೇಳುತ್ತಾರೆ, ಎಷ್ಟು ಗರಿ ಕ್ಷೇಮವಾಗಿ ವಾಪಸು ಹೋದವು ಅಂತ ಒಮ್ಮೆಯೂ ಕೇಳಿಲ್ಲ. ಕೇಳಬೇಕು.

ಸೀಳಿದ ಮೂರು ಗರಿಗಳ ವಿವರವನ್ನು ದಿನಾಂಕ ಸಮೇತ, ನಮ್ಮ ಕೈಯಲ್ಲೇ ಆದದ್ದೆಂದು ಬರೆದು, ಜಾಲದಲ್ಲಿ ಆ ಚಿತ್ರಗಳ ಜೊತೆಗೇ ಹಾಕಿದ್ದೇವೆ. ಮುಂದೆ ಪಾಠ ಸಂಪಾದಿಸುವವರು ಅದನ್ನು ಹಳೆಯ ಹಾನಿ ಎಂದು ತಿಳಿಯಬಾರದು.