ಕಾಲು ಪೆನ್ನಿಯ ಬೆನ್ನು ಹತ್ತಿ

ಲಂಡನ್ನಿನ ಬ್ಲೂಮ್ಸ್‌ಬರಿಯ ಹೋಟೆಲೊಂದರಲ್ಲಿ ಆ ಶನಿವಾರ ನಾಣ್ಯ ಮೇಳ. ರೋಮನ್ ಬೆಳ್ಳಿ, ವಿಕ್ಟೋರಿಯಾ ರಾಣಿಯ ಚಿನ್ನದ ಸಾವರಿನ್ ಇಟ್ಟಿದ್ದ ಮೇಜುಗಳಿಗೆ ಜನ ಮುಗಿಬಿದ್ದಿದ್ದರು. ನಾನು ಹುಡುಕಿಕೊಂಡು ಹೋದದ್ದು ಮೂಲೆಯ ಮೇಜಿನ ಮೇಲೆ ಒಂದು ಉದ್ದನೆಯ ಪೆಟ್ಟಿಗೆಯಲ್ಲಿತ್ತು. ಒಳಗೆ ಅಂಗೈಗಿಂತ ಚಿಕ್ಕ ಕಾಗದದ ಲಕೋಟೆಗಳು. ಪ್ರತಿಯೊಂದರಲ್ಲೂ ಒಬ್ಬ ಅಂಗಡಿಯವನು. ಹದಿನೇಳನೇ ಶತಮಾನದ ಇಂಗ್ಲೆಂಡಿನ ವರ್ತಕರು ಚಿಲ್ಲರೆಯ ಬದಲಿಗೆ ತಾವೇ ಅಚ್ಚು ಹಾಕಿಸಿ ಚಲಾವಣೆಗೆ ಬಿಟ್ಟ ಟೋಕನ್‌ಗಳು ಅವು.

ಒಂದು ಗಂಟೆ ಅಲ್ಲೇ ನಿಂತೆ. ಕೊನೆಗೆ 28 ಪೌಂಡ್ ಕೊಟ್ಟು ಒಂದನ್ನು ಕೊಂಡೆ. ನಮ್ಮ ಹಳೆಯ ಒಂದು ಪೈಸೆಗಿಂತ ಚಿಕ್ಕದು, ಅಂಚು ಒಂದು ಕಡೆ ಸ್ವಲ್ಪ ಬಾಗಿದೆ. ಮುಂಬದಿಯಲ್ಲಿ ಕೋಲಿನಿಂದ ಇಳಿಬಿಟ್ಟ ಬತ್ತಿಗಳನ್ನು ಕೊಪ್ಪರಿಗೆಗೆ ಅದ್ದುತ್ತಿರುವ ಮನುಷ್ಯ. ಅಂದರೆ ಇದು ಪ್ರಾಣಿಗಳ ಕೊಬ್ಬು ಕರಗಿಸಿ ಮೋಂಬತ್ತಿ ಮಾಡುತ್ತಿದ್ದವನದು. ಸುತ್ತಲೂ ಇದ್ದ ಹೆಸರು ಮುಕ್ಕಾಲು ಪಾಲು ಸವೆದಿದೆ. ಹಿಂಬದಿಯಲ್ಲಿ ಊರು ಸದರ್ಕ್ ಎಂದು ಓದಬಹುದು, ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ಪ್ರದೇಶ. ಯು ಇರಬೇಕಾದ ಕಡೆ ವಿ, ಕೊನೆಗೊಂದು ಹೆಚ್ಚುವರಿ ಇ. ನಡುವೆ ಮೂರು ಅಕ್ಷರ: ಮೇಲೆ ಡಬ್ಲ್ಯೂ, ಕೆಳಗೆ ಅಕ್ಕಪಕ್ಕ ಐ ಮತ್ತು ಇ.

ಈ ಮೂರು ಅಕ್ಷರಗಳಿಗಾಗಿಯೇ ನಾನು ಈ ಟೋಕನ್‌ಗಳ ಹಿಂದೆ ಬಿದ್ದವನು. ಮೇಲಿನದು ಮನೆತನದ ಹೆಸರು. ಕೆಳಗೆ ಎಡಗಡೆ ಗಂಡ, ಬಲಗಡೆ ಹೆಂಡತಿ. ರಾಜರ ತಲೆ ಹೊತ್ತ ನಾಣ್ಯ ಜಗತ್ತಿನ ತುಂಬ ಇವೆ. ಬತ್ತಿ ಮಾರುವವನ ಹೆಂಡತಿಗೆ ಲೋಹದ ಮೇಲೆ ಗಂಡನ ಸರಿಸಮಕ್ಕೆ ಜಾಗ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಗಲ್ಲಾಪೆಟ್ಟಿಗೆಯ ಹತ್ತಿರ ಅವಳೂ ಕೂರುತ್ತಿದ್ದಳು, ಅಂಗಡಿಯ ನಂಬಿಕೆಯಲ್ಲಿ ಅವಳ ಪಾಲೂ ಇತ್ತು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಗಂಡ ತೀರಿಕೊಂಡ ಮೇಲೆ ವ್ಯಾಪಾರ ಮುಂದುವರಿಸಿದ ವಿಧವೆಯರು ತಮ್ಮ ಹೆಸರಿನಲ್ಲೇ ಟೋಕನ್ ಹೊರಡಿಸಿದ್ದೂ ಉಂಟು.

ಇವು ಹುಟ್ಟಿದ ಕಾರಣ ನಮಗೆ ಹೊಸದಲ್ಲ. 'ಚಿಲ್ಲರೆ ಇಲ್ಲ ಸಾರ್, ಚಾಕಲೇಟ್ ಕೊಡ್ಲಾ' ಅನ್ನಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಅಲ್ಲಿ ಕಷ್ಟ ಇನ್ನೂ ಹೆಚ್ಚಿತ್ತು. ಬೆಳ್ಳಿಯ ಪೆನ್ನಿಯೇ ಅರ್ಧ ಗ್ರಾಂ ತೂಗುತ್ತಿತ್ತು. ಅದರ ಕಾಲು ಭಾಗವಾದ ಫಾರ್ದಿಂಗನ್ನು ಬೆಳ್ಳಿಯಲ್ಲಿ ಮಾಡಿದರೆ ಬೆರಳಿಗೇ ಸಿಗದು. 1613ರಲ್ಲಿ ರಾಜ ಮೊದಲನೇ ಜೇಮ್ಸ್ ತಾಮ್ರದ ಫಾರ್ದಿಂಗ್ ಮಾಡುವ ಹಕ್ಕನ್ನು ಲಾರ್ಡ್ ಹ್ಯಾರಿಂಗ್ಟನ್‌ಗೆ ಕೊಟ್ಟ. ಅಂತರ್ಯುದ್ಧದ ಹೊತ್ತಿಗೆ ಆ ಏರ್ಪಾಡೂ ನಿಂತುಹೋಯಿತು. 1649ರ ಜನವರಿಯಲ್ಲಿ ರಾಜ ಮೊದಲನೇ ಚಾರ್ಲ್ಸ್‌ನ ತಲೆ ಉರುಳಿತು. ಅರಮನೆಯಲ್ಲಿ ಯಾರಿದ್ದರೇನು, ಬಡವನಿಗೆ ಕಾಲು ಪೆನ್ನಿಯ ಉಪ್ಪು ಬೇಕು, ಬತ್ತಿ ಬೇಕು. ವರ್ತಕರು ಕಾಯಲಿಲ್ಲ. 1648ರ ಆಸುಪಾಸಿನಿಂದ 1672ರವರೆಗೆ ಊರೂರಿನಲ್ಲೂ ಟೋಕನ್ ಹೊರಟವು. ಹತ್ತು ಸಾವಿರಕ್ಕೂ ಹೆಚ್ಚು ಬಗೆಗಳು ಸಿಕ್ಕಿವೆ. ಹೆಚ್ಚಿನವು ದುಂಡಗೆ; ಎಂಟು ಮೂಲೆಯವು, ಹೃದಯದ ಆಕಾರದವು ಕೂಡ ಇವೆ. ಬ್ರಿಸ್ಟಲ್‌ನಂಥ ಊರಿನಲ್ಲಿ ನಗರಾಡಳಿತವೇ 1652ರಲ್ಲಿ ಫಾರ್ದಿಂಗ್ ಹೊರಡಿಸಿತು.

ಮರುದಿನ ಬೆಳಿಗ್ಗೆ ಲಕೋಟೆಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಹೊರಟೆ. ಸದರ್ಕ್‌ಗೆ ನೇರವಾಗಿ ಹೋಗಬಹುದಿತ್ತು, ಆದರೆ ಥೇಮ್ಸ್ ದಾಟುವ ಮೊದಲು ಹಳೆಯ ನಗರದ ಸಂದಿಗಳಲ್ಲಿ ಒಂದು ಸುತ್ತು ಹಾಕಲೇಬೇಕೆನಿಸಿತು. ಭಾನುವಾರವಾದ್ದರಿಂದ ಬ್ಯಾಂಕುಗಳ ಬೀದಿ ಬಿಕೋ ಎನ್ನುತ್ತಿತ್ತು. ಸೇಂಟ್ ಮೈಕೇಲ್ಸ್ ಆ್ಯಲಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಲಂಡನ್ನಿನ ಮೊದಲ ಕಾಫಿ ಹೌಸ್ ಇಲ್ಲಿತ್ತು, 1652ರಲ್ಲಿ ಪಾಸ್ಕ್ವಾ ರೋಸೆ ತೆರೆದದ್ದು ಎಂದು ಗೋಡೆಯ ಫಲಕ ಹೇಳುತ್ತದೆ. ಸ್ವಲ್ಪ ಆಚೆಗೆ ಎಕ್ಸ್‌ಚೇಂಜ್ ಆ್ಯಲಿ. ಅಲ್ಲಿದ್ದ ಇನ್ನೊಂದು ಕಾಫಿ ಹೌಸಿನ ಟೋಕನ್ ಸಂಗ್ರಾಹಕರ ಕಣ್ಮಣಿ: ಪೇಟ ತೊಟ್ಟ ತುರ್ಕಿ ಸುಲ್ತಾನ ಮೊರಾತ್‌ನ ತಲೆ, ಜೊತೆಗೆ ಪ್ರಾಸಬದ್ಧವಾದ ಎರಡು ಸಾಲು. ಮಹಾ ಮೊರಾತ್ ಎಂದು ಜನ ನನ್ನನ್ನು ಕರೆದರು, ಹೋದಲ್ಲೆಲ್ಲ ಗೆದ್ದುಬಂದೆ ಎಂದು ಆ ಪುಟ್ಟ ಲೋಹದ ಬಿಲ್ಲೆ ಹೇಳಿಕೊಳ್ಳುತ್ತದೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುವುದೂ ಅದೇ ಶತಮಾನದ ಕಥೆ. ಚಿಕ್ಕಮಗಳೂರಿನವನಾದ ನನಗೆ ಆ ಸಂದಿಯಿಂದ ಬೇಗ ಹೊರಡಲು ಮನಸ್ಸಾಗಲಿಲ್ಲ.

ಅಂದಿನ ಒಂದು ಗೋಡೆಯೂ ಇಲ್ಲಿ ಉಳಿದಿಲ್ಲ. 1666ರ ಸೆಪ್ಟೆಂಬರಿನ ಬೆಂಕಿ 13,000ಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಮನೆಗಳಿಗೆ ನಂಬರ್ ಇಲ್ಲದ ಕಾಲವದು. ಮತ್ಸ್ಯಕನ್ಯೆ, ಸಕ್ಕರೆ ಅಚ್ಚು, ಕೆಂಪು ಸಿಂಹ ಎಂದು ತೂಗುಫಲಕದ ಚಿತ್ರವೇ ವಿಳಾಸ. ಫಲಕಗಳು ಬೂದಿಯಾದವು. ಆ ಚಿತ್ರಗಳಲ್ಲಿ ಎಷ್ಟೋ ಇಂದಿಗೂ ನಮಗೆ ಕಾಣಸಿಗುವುದು ಈ ಟೋಕನ್‌ಗಳ ಮೇಲೆ ಮಾತ್ರ.

ಲಂಡನ್ ಬ್ರಿಡ್ಜ್ ದಾಟಿ ಬಲಕ್ಕೆ ತಿರುಗಿ ಬ್ಯಾಂಕ್‌ಸೈಡಿಗೆ ಹೋದೆ. ನದಿ ಇಳಿದಿತ್ತು. ಕೆಸರಿನಲ್ಲಿ ಮೊಣಕಾಲೂರಿದ್ದ ಹೆಂಗಸೊಬ್ಬರು ಚಿಕ್ಕ ಕರಣೆಯಿಂದ ಕಲ್ಲು ಸರಿಸುತ್ತಿದ್ದರು. ಇಲ್ಲಿ ಹಳೆಯ ವಸ್ತುಗಳನ್ನು ಹುಡುಕಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು, ನನ್ನಲ್ಲಿ ಅದಿಲ್ಲ. ಮೆಟ್ಟಿಲ ಮೇಲೆಯೇ ನಿಂತು ನೋಡಿದೆ. ಅವರು ಮೇಲೆ ಬಂದಾಗ ಡಬ್ಬಿ ತೆರೆದು ತೋರಿಸಿದರು: ಮಣ್ಣಿನ ಚಿಲುಮೆಯ ಬಿಳಿ ತುಂಡುಗಳು, ಗುಂಡುಸೂಜಿಗಳು, ಸೀಸದ ಒಂದು ಗುಂಡಿ. ನನ್ನ ಲಕೋಟೆ ತೆಗೆದು ಅವರ ಅಂಗೈಗೆ ಹಾಕಿದೆ. ಬೆಳಕಿಗೆ ಓರೆಯಾಗಿ ಹಿಡಿದು ಅವರು ಮೊದಲು ಓದಿದ್ದು ಊರಿನ ಹೆಸರನ್ನಲ್ಲ. 'ಎಲಿಜಬೆತ್? ಎಲೆನ್? ಎಸ್ತರ್?' ಎಂದು ಕೇಳಿದರು. ನಮ್ಮಿಬ್ಬರಿಗೂ ಒಂದೇ ಹುಚ್ಚು ಎಂದು ಗೊತ್ತಾಗಿ ಬಹಳ ಸಂತೋಷವಾಯಿತು.

ಅಲ್ಲಿಂದ ಬರೋ ಹೈ ಸ್ಟ್ರೀಟ್. ಸದರ್ಕ್ ಕೂಡ 1676ರಲ್ಲಿ ಸುಟ್ಟಿತು. ಮರದ ಮೊಗಸಾಲೆಗಳ ಜಾರ್ಜ್ ಇನ್ ಆ ಬೆಂಕಿಯ ಮರುವರ್ಷ ಹೊಸದಾಗಿ ಕಟ್ಟಿದ ಛತ್ರ. ಅಷ್ಟರಲ್ಲಿ ಟೋಕನ್‌ಗಳ ಕಾಲವೂ ಮುಗಿದಿತ್ತು. 1672ರ ಆಗಸ್ಟ್‌ನಲ್ಲಿ ರಾಜ ಎರಡನೇ ಚಾರ್ಲ್ಸ್, ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿಯ ಚಿತ್ರದ ತಾಮ್ರದ ಫಾರ್ದಿಂಗ್, ಅರ್ಧ ಪೆನ್ನಿಗಳನ್ನು ಚಲಾವಣೆಗೆ ತಂದು ವರ್ತಕರ ದುಡ್ಡನ್ನು ನಿಷೇಧಿಸಿದ. ನಮ್ಮ ದಂಪತಿ ಆಗ ಬದುಕಿದ್ದರೆ, ಡ್ರಾಯರಿನಲ್ಲಿ ಉಳಿದಿದ್ದ ತಮ್ಮದೇ ಟೋಕನ್‌ಗಳನ್ನು ಏನು ಮಾಡಿರಬಹುದು?

ಜಾರ್ಜ್ ಇನ್‌ನ ಅಂಗಳದ ಬೆಂಚಿನಲ್ಲಿ ಕೂತು ಭೂತಗನ್ನಡಿ ತೆಗೆದೆ. ಐ ಅಂದರೆ ಜಾನ್ ಇರಬಹುದು, ಜೇಮ್ಸ್ ಇರಬಹುದು. ಆಗ ಜೆ ಬರೆಯುವ ಕಡೆಯೂ ಐ ಬರೆಯುತ್ತಿದ್ದರು. ಚರ್ಚಿನ ಮದುವೆ ದಾಖಲೆ ಮತ್ತು ಮನೆಯಲ್ಲಿರುವ ಒಲೆಗಳ ಲೆಕ್ಕದ ಮೇಲೆ 1662ರಿಂದ ವಸೂಲಿ ಮಾಡಿದ ಒಲೆ ತೆರಿಗೆಯ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಇಂಥ ಅಕ್ಷರಗಳ ಒಡೆಯರನ್ನು ಪತ್ತೆ ಮಾಡಿದವರಿದ್ದಾರೆ. ನನ್ನ ವಿಮಾನ ಮಂಗಳವಾರ. ಸೋಮವಾರ ಇಡೀ ದಿನ ಕೈಯಲ್ಲಿತ್ತು. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ 'ಸದರ್ಕ್, ಬತ್ತಿ ಅಂಗಡಿ' ಎಂದು ಬರೆದು, ಕೆಳಗೆ ಆ ಮೂರು ಅಕ್ಷರಗಳನ್ನು ಅವು ಇದ್ದ ಹಾಗೆಯೇ ಜೋಡಿಸಿ, ಪತ್ರಾಗಾರ ಬೆಳಿಗ್ಗೆ ಎಷ್ಟಕ್ಕೆ ತೆರೆಯುತ್ತದೆಂದು ಫೋನಿನಲ್ಲಿ ನೋಡತೊಡಗಿದೆ.