ಮೇಲ್ ಬಂದ್ ಆಗಿಲ್ರಿ ಸರ್

"ಮೇಲ್ ಬಂದ್ ಆಗಿಲ್ರಿ ಸರ್, ಮೊಬೈಲಿಗಿ ಬರಾದು ಬಂದ್ ಆಗ್ಯಾದ."

ಇಂಟರ್ನೆಟ್ ಕಂಪನಿಯ ಕೌಂಟರಿನ ಹುಡುಗ ಸೋಮವಾರ ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ಅವನು ಉಡಾಫೆಯಿಂದೇನೂ ಹೇಳಲಿಲ್ಲ. ಕುರ್ಚಿ ತೋರಿಸಿದ, ನನ್ನ ಫೋನನ್ನು ಕೈಗೆ ತೆಗೆದುಕೊಂಡು ಎರಡು ಸಲ ಪರೀಕ್ಷಿಸಿದ, ಆಮೇಲೆ ಈ ಮಾತನ್ನು ಸಮಾಧಾನದ ಧ್ವನಿಯಲ್ಲಿಯೇ ಹೇಳಿದ. ನಾನು ಮತ್ತೊಮ್ಮೆ ಕೇಳಿದೆ, ಅವನೂ ಮತ್ತೊಮ್ಮೆ ಅದನ್ನೇ ಹೇಳಿ, "ಕಂಪ್ಯೂಟರಿನ್ಯಾಗ ನೋಡ್ಕೋರಿ" ಎಂದು ಸೇರಿಸಿದ. ಅವನ ಪ್ರಕಾರ ಏನೂ ಕೆಟ್ಟಿರಲಿಲ್ಲ.

ನಾನು ಮೂವತ್ತು ವರ್ಷಗಳಿಂದ ಕಲಬುರಗಿಯಲ್ಲಿ ತೆರಿಗೆ ಸಲಹೆಯ ಕೆಲಸ ಮಾಡಿಕೊಂಡಿದ್ದೇನೆ. ನೆಹರು ಗಂಜಿನ ಅಡತಿ ಅಂಗಡಿಗಳು ಮತ್ತು ಕಪನೂರು ಕೈಗಾರಿಕಾ ಪ್ರದೇಶದ ಕೆಲವು ದಾಲ್ ಮಿಲ್ಲುಗಳ ಲೆಕ್ಕಪತ್ರ ನನ್ನ ಬಳಿ ಇವೆ. ಟೆಲಿಫೋನ್ ತಂತಿಯ ಜೊತೆಗೆ ಬ್ರಾಡ್‌ಬ್ಯಾಂಡ್ ಬಂದ 2006ರಲ್ಲಿ ಸಂಪರ್ಕದ ಜೊತೆಗೇ ಕಂಪನಿಯವರು ಒಂದು ಮಿಂಚಂಚೆ ವಿಳಾಸವನ್ನೂ ಕೊಟ್ಟಿದ್ದರು. ಅದರಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ಗುಲ್ಬರ್ಗ ಎಂದಿದೆ. ಊರು 2014ರ ನವೆಂಬರ್ 1ರಂದು ಕಲಬುರಗಿಯಾದರೂ ನನ್ನ ವಿಳಾಸ ಗುಲ್ಬರ್ಗವಾಗಿಯೇ ಉಳಿಯಿತು, ಮತ್ತು ಅದರ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಭಾನುವಾರ ರಾತ್ರಿಯಿಂದ ಫೋನಿನ ಮೇಲ್ ಆಪ್ ಪಾಸ್‌ವರ್ಡ್ ಕೇಳತೊಡಗಿತು. ಕೊಟ್ಟೆ, ಮತ್ತೆ ಕೇಳಿತು. ಬದಲಾಯಿಸಿ ಕೊಟ್ಟೆ, ಆಗಲೂ ಕೇಳಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ, "ಮಾಮಾ, ಇನ್ನೂ ಆ ಮೇಲ್ ಇಟ್ಕೊಂಡೀರೇನು?" ಎಂದು ನಕ್ಕ. ಅವನಿಗೆ ತಿಳಿವಳಿಕೆ ಬಹಳ, ತಾಳ್ಮೆ ಕಡಿಮೆ. ಆದರೂ ವಿಷಯವನ್ನು ಬಿಡಿಸಿ ಹೇಳಿದವನು ಅವನೇ. ಫೋನಿನ ಆಪ್ ಸರ್ವರಿನಿಂದ ಪತ್ರ ತರುವುದು ಐಮ್ಯಾಪ್ ಎಂಬ ವ್ಯವಸ್ಥೆಯ ಮೂಲಕ, ಸಾಮಾನ್ಯವಾಗಿ 993 ಎಂಬ ಸಂಖ್ಯೆಯ ಪೋರ್ಟಿನಿಂದ. ಕಂಪನಿ ಆ ಬಾಗಿಲನ್ನು ಮುಚ್ಚಿ, ಬ್ರೌಸರಿನಲ್ಲಿ ತೆರೆಯುವ ವೆಬ್‌ಮೇಲ್ ಪುಟವನ್ನು ಮಾತ್ರ ಉಳಿಸಿಕೊಂಡಿದೆ.

ಮುಚ್ಚಿದ್ದಕ್ಕೆ ಕಾರಣ ಇಲ್ಲದಿಲ್ಲ. ಪಾಸ್‌ವರ್ಡೊಂದನ್ನೇ ನಂಬಿ ಆಪ್‌ಗಳನ್ನು ಒಳಗೆ ಬಿಡುವ ಹಳೆಯ ಪದ್ಧತಿ ಕಳ್ಳರಿಗೆ ಅನುಕೂಲವಾಗಿತ್ತು. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಅದನ್ನು ನಿಲ್ಲಿಸಿತು, ಮೈಕ್ರೋಸಾಫ್ಟ್ ಕೂಡ ಅದೇ ವರ್ಷದ ಅಕ್ಟೋಬರಿನಿಂದ ಕಚೇರಿಗಳ ಖಾತೆಗಳಲ್ಲಿ ನಿಲ್ಲಿಸುತ್ತ ಬಂದಿತು. ಆದರೆ ಅವರು ಹಳೆಯ ಬಾಗಿಲು ಮುಚ್ಚುವಾಗ ಪಕ್ಕದಲ್ಲಿ ಹೊಸದೊಂದನ್ನು ಇಟ್ಟಿದ್ದರು. ನಮ್ಮ ಕಂಪನಿ ಹೊಸದನ್ನು ಕಟ್ಟುವ ಖರ್ಚಿಗೆ ಹೋಗದೆ ಗೋಡೆ ಎಬ್ಬಿಸಿತು ಎಂಬುದು ನನ್ನ ಅನಿಸಿಕೆ. ಭದ್ರತೆಯ ಹೆಸರಿನಲ್ಲಿ ಜಿಪುಣತನವೂ ನಡೆಯುತ್ತದೆ.

ಮೇಲ್ ಬಂದ್ ಆಗಿಲ್ಲ, ಮೊಬೈಲಿಗೆ ಬರುವುದು ಬಂದ್ ಆಗಿದೆ. ಹುಡುಗ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಹಾಗಾಗಿಯೇ ಅದು ಚುಚ್ಚುತ್ತದೆ. ಅಂಚೆ ನಿಂತಿಲ್ಲ, ಅಂಚೆಯವನು ಬರುವುದು ನಿಂತಿದೆ, ದಿನಾ ಅಂಚೆ ಕಚೇರಿಗೆ ಬಂದು ನಿಮ್ಮ ಕಾಗದ ಹುಡುಕಿಕೊಳ್ಳಿ ಎಂದರೆ ಹೇಗೋ ಹಾಗೆ. ಫೋನಿನ ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆದು ನೋಡಿದೆ. ದೊಡ್ಡ ಪರದೆಗೆಂದು ಮಾಡಿದ ಪುಟ ಅಂಗೈಯಗಲದಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರಗಳಾಗಿ ಕಂಡಿತು. ಬೆರಳಿನಿಂದ ಹಿಗ್ಗಿಸಿ ಒಂದು ಪತ್ರವನ್ನು ಅರ್ಧ ಓದುವಷ್ಟರಲ್ಲಿ ಪುಟ ತಾನಾಗಿ ಹೊರಗೆ ಹಾಕಿ ಮತ್ತೆ ಒಳಬರಲು ಹೇಳಿತು.

ಇಷ್ಟೇ ಆಗಿದ್ದರೆ ನನ್ನ ಅನನುಕೂಲ ಎಂದು ಬಿಟ್ಟುಬಿಡುತ್ತಿದ್ದೆ. ಸೋಮವಾರ ಸಂಜೆ ಕಚೇರಿಯಲ್ಲಿ ಕುಳಿತು ಎಣಿಸಿದಾಗ ಎದೆ ಧಸಕ್ಕೆಂದಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನನ್ನ ಹೆಚ್ಚಿನ ವ್ಯಾಪಾರಿಗಳಿಗೆ ಮೇಲ್ ಎಂಬುದೇ ಇರಲಿಲ್ಲ. "ನಿಮ್ದೇ ಹಾಕ್ರಿ ಸರ್" ಎಂದರು, ಹಾಕಿದೆ. ಮೊಬೈಲ್ ಸಂಖ್ಯೆ ಅವರದು, ಮಿಂಚಂಚೆ ನನ್ನದು. ಅಂಥವರು ಈಗ 27 ಜನ.

ನೋಂದಣಿಯಲ್ಲಿ ಕೊಟ್ಟ ಮಿಂಚಂಚೆ ವಿಳಾಸಕ್ಕೆ ಕಳುಹಿಸಿದ ನೋಟಿಸು ಮುಟ್ಟಿದಂತೆಯೇ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಕಲಮು ಹೇಳುತ್ತದೆ. ನೀವು ಓದಿದಿರೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ರಿಟರ್ನಿನಲ್ಲಿ ವ್ಯತ್ಯಾಸ ಕಂಡರೆ ಬರುವ ನೋಟಿಸಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಅದು ಪೋರ್ಟಲಿನಲ್ಲಿಯೂ ಸಿಗುತ್ತದೆ, ನಿಜ, ಆದರೆ ದಿನಾ 27 ಖಾತೆಗಳ ಬೀಗ ತೆಗೆದು ಇಣುಕಿ ನೋಡುವವರು ಯಾರು? ಇಷ್ಟು ವರ್ಷ ಜೇಬಿನಲ್ಲಿ ಫೋನು 'ಟಿಣ್' ಎಂದದ್ದರ ಮೇಲೆ ನನ್ನ ವೃತ್ತಿ ನಿಂತಿತ್ತು.

ಆ ರಾತ್ರಿ ಕಂಪ್ಯೂಟರಿನಲ್ಲಿ ಹಳೆಯ ಪತ್ರಗಳನ್ನು ಜಾಲಾಡುವಾಗ ಇನ್ನೊಂದು ಸಿಕ್ಕಿತು. ಮೊಬೈಲ್ ಸೌಲಭ್ಯ ನಿಲ್ಲಿಸುತ್ತೇವೆ ಎಂಬ ಕಂಪನಿಯ ಸೂಚನೆ ಒಂದೂವರೆ ತಿಂಗಳ ಹಿಂದೆಯೇ ಅದೇ ಪೆಟ್ಟಿಗೆಗೆ ಬಂದಿತ್ತು. ಹಬ್ಬದ ರಿಯಾಯಿತಿಯ ಜಾಹೀರಾತುಗಳ ನಡುವೆ ಇದ್ದ ಅದನ್ನು ನಾನು ತೆರೆದೇ ಇರಲಿಲ್ಲ. ಎಂದರೆ ನನಗೂ ನೋಟಿಸು ಮುಟ್ಟಿತ್ತು! ಕೌಂಟರಿನಲ್ಲಿ ನಾನು ಸ್ವಲ್ಪ ಏರುದನಿಯಲ್ಲಿ, "ಮೊದಲೇ ಹೇಳಬಾರದೇನಪ್ಪಾ?" ಎಂದಿದ್ದೆ. ಹುಡುಗ ಏನೂ ಅಂದಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದನೋ ಏನೋ, ಹಾಗಿದ್ದರೆ ಅವನು ನನಗಿಂತ ದೊಡ್ಡ ಮನುಷ್ಯ.

ಮೊದಲು ಸುಲಭದ ದಾರಿ ಹಿಡಿದೆ. ವೆಬ್‌ಮೇಲಿನ ಸೆಟ್ಟಿಂಗಿನಲ್ಲಿ ಬಂದ ಪತ್ರಗಳನ್ನೆಲ್ಲ ಬೇರೆ ವಿಳಾಸಕ್ಕೆ ಕಳುಹಿಸುವ ಫಾರ್ವರ್ಡ್ ಸೌಲಭ್ಯವಿತ್ತು. ನನ್ನ ಜಿಮೇಲಿಗೆ ತಿರುಗಿಸಿ ನಿಶ್ಚಿಂತೆಯಿಂದ ಮಲಗಿದೆ. ಮರುದಿನ ನೋಡಿದರೆ ಒಂದಿಷ್ಟು ಪತ್ರ ಬಂದಿವೆ, ಒಂದಿಷ್ಟು ಇಲ್ಲ, ಇಲ್ಲದವು ಸ್ಪ್ಯಾಮ್ ಕಡತದಲ್ಲಿ ಬಿದ್ದಿವೆ. ಪ್ರತಿ ಸಂಸ್ಥೆಯೂ ತನ್ನ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿ ಇಟ್ಟಿರುತ್ತದೆಯಂತೆ, ನಡುವಿನವರು ತಿರುಗಿಸಿ ಕಳುಹಿಸಿದಾಗ ಆ ಸರ್ವರು ಪಟ್ಟಿಯಲ್ಲಿ ಇಲ್ಲವಾದ್ದರಿಂದ ಪಡೆಯುವವರಿಗೆ ಅನುಮಾನ ಬರುತ್ತದೆಯಂತೆ. ಇದೂ ಅಕ್ಕನ ಮಗ ಹೇಳಿದ್ದು, ಈ ಸಲ ನಗಲಿಲ್ಲ.

ಹಾಗಾಗಿ ಬುಧವಾರದಿಂದ ಒಬ್ಬೊಬ್ಬರ ನೋಂದಣಿಯಲ್ಲಿಯೂ ವಿಳಾಸ ಬದಲಾಯಿಸಲು ಕುಳಿತೆ. ಪೋರ್ಟಲಿನಲ್ಲಿ ಇದು ನಾನ್-ಕೋರ್ ತಿದ್ದುಪಡಿ, ಅಧಿಕಾರಿಯ ಮಂಜೂರಾತಿ ಬೇಡ. ಆದರೆ ದೃಢೀಕರಣದ ಆರು ಅಂಕಿ ಸಾವುಕಾರರ ಮೊಬೈಲಿಗೆ ಹೋಗುತ್ತದೆ, ಅದು ಹಳಸುವ ಮೊದಲು ನನಗೆ ಮುಟ್ಟಬೇಕು. ಹೊಸ ತೊಗರಿ ಗಂಜಿಗೆ ಬರುವ ಜನವರಿಯ ಈ ದಿನಗಳಲ್ಲಿ ಸಾವುಕಾರರಿಗೆ ಉಸಿರಾಡಲೂ ಪುರಸೊತ್ತಿಲ್ಲ, ನನಗೋ 20ನೇ ತಾರೀಖಿನ ರಿಟರ್ನು ತಲೆಯ ಮೇಲಿದೆ.

ಒಂದು ಮಿಲ್ಲಿಗೆ ಫೋನ್ ಮಾಡಿದಾಗ ಹಿಂದೆ ಯಂತ್ರ ಗಡಗಡ ಎನ್ನುತ್ತಿತ್ತು. ಹಿರಿಯರು ಕನ್ನಡಕ ಹುಡುಕಿ, ಫೋನನ್ನು ಕಿವಿಯಿಂದ ತೆಗೆದು ಕಣ್ಣಿಗೆ ಹಿಡಿದು, ಕಣ್ಣಿನಿಂದ ತೆಗೆದು ಕಿವಿಗೆ ಹಿಡಿದು ಒಂದೊಂದೇ ಅಂಕಿ ಹೇಳಿದರು. ಅವರು ಹೇಳಿದ 'ಆರು' ನನಗೆ 'ಏಳು' ಎಂದು ಕೇಳಿಸಿತು. ಮೂರನೆಯ ಸಲಕ್ಕೆ ಮುನೀಮರು ಫೋನ್ ಕಸಿದುಕೊಂಡು, "ಛೇ ಹಾಕ್ರಿ ಸರ್, ಛೇ! ಸಾತ್ ಅಲ್ಲ!" ಎಂದು ಹಿಂದಿ ಅಂಕಿಯಲ್ಲಿ ಕೂಗಿದ ಮೇಲೆ ಕೆಲಸವಾಯಿತು. ಹಿರಿಯರು ಮತ್ತೆ ಫೋನ್ ತೆಗೆದುಕೊಂಡು, "ಏನ್ ಆಗ್ಯಾದ್ರಿ ಸರ್, ಏನರ ತ್ರಾಸ್ ಅದ ಏನು?" ಎಂದು ಕೇಳಿದರು.

ಏನು ಹೇಳಲಿ? "ಏನಿಲ್ರಿ, ನಿಮ್ಮ ಮೇಲ್ ಬಂದ್ ಆಗಿಲ್ಲ" ಎಂದು ನನ್ನ ಬಾಯಿಂದಲೂ ಅದೇ ಮಾತು ಹೊರಟಿತು. ಅವರು ಸಮಾಧಾನಗೊಂಡು ಫೋನ್ ಇಟ್ಟರು. ಅವರ ಹೆಸರಿನ ಕಾಗದ ಎಲ್ಲಿಗೆ ಬರುತ್ತದೆ ಎಂಬುದೇ ಅವರಿಗೆ ಗೊತ್ತಿಲ್ಲ, ಗೊತ್ತು ಮಾಡಿಸಬೇಕೆಂದು ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ. ಕಂಪನಿ ಕೊಟ್ಟ ವಿಳಾಸವನ್ನು ನನ್ನದೆಂದುಕೊಂಡು, ಆ ಬಾಡಿಗೆ ಮನೆಗೆ ಇಪ್ಪತ್ತೇಳು ಜನರ ಕಾಗದ ತರಿಸಿಕೊಳ್ಳುತ್ತಿದ್ದೆ. ಅವರಿಗೆ ನನ್ನ ಮೇಲಿದ್ದ ವಿಶ್ವಾಸವನ್ನು ನನ್ನ ಅನುಕೂಲವಾಗಿ ಮಾಡಿಕೊಂಡಿದ್ದೆ ಎಂದು ಈಗ ಅನಿಸುತ್ತದೆ.

ಅದಕ್ಕಾಗಿ ಗುರುವಾರದಿಂದ ಕ್ರಮ ಬದಲಾಯಿಸಿದೆ. ನನ್ನ ಹೊಸ ವಿಳಾಸದ ಬದಲು ಅವರವರ ಮನೆಯವರದೇ ಹಾಕಿಸುತ್ತಿದ್ದೇನೆ: ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಯಾರಿದ್ದರೆ ಅವರು. ಪ್ರತಿಯೊಂದು ನೋಟಿಸನ್ನು ನನಗೆ ಕಳುಹಿಸಬೇಕೆಂದು ಕೈಮುಗಿದು ಹೇಳುತ್ತೇನೆ. ಒಬ್ಬ ಅಡತಿ ವ್ಯಾಪಾರಿಯ ಮೊಮ್ಮಗಳು, "ಕಾಕಾ, ಇಷ್ಟ್ ದಿನ ಎಲ್ಲಿ ಬರ್ತಿತ್ತು?" ಎಂದು ಕೇಳಿದಳು. ಹೇಳಿದೆ. ಅವಳು, "ಹಳೇದೆಲ್ಲ ನಮಗೂ ಕಳಸ್ರಿ" ಎಂದಳು. ಹಾಗೆ ಕೇಳಿದವಳು ಅವಳೊಬ್ಬಳೇ, ಎಂಟು ವರ್ಷಗಳ ಪತ್ರಗಳನ್ನು ವಿಂಗಡಿಸಿ ಕಳುಹಿಸಲು ಶುಕ್ರವಾರ ಅರ್ಧ ದಿನ ಹಿಡಿಯಿತು.

ಇನ್ನು ನಾಲ್ಕು ಉಳಿದಿವೆ, ನಾಲ್ಕೂ ಕಪನೂರಿನ ಮಿಲ್ಲುಗಳು. ಆ ಗದ್ದಲದಲ್ಲಿ ಫೋನಿನಲ್ಲಿ ಅಂಕಿ ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. ಸೋಮವಾರ ಸ್ಕೂಟರ್ ತೆಗೆದುಕೊಂಡು ಹೋಗಿ, ಸಾವುಕಾರರ ಪಕ್ಕದಲ್ಲಿಯೇ ಕುಳಿತು, ಅವರ ಫೋನು ನನ್ನ ಕೈಯಲ್ಲಿ ಹಿಡಿದು ಮುಗಿಸಬೇಕು. ಬರುವಾಗ ಆ ಕೌಂಟರಿನ ಹುಡುಗನನ್ನೂ ಕಂಡು ಬರಬೇಕು.