ಹಿರಿಯರಿಗಷ್ಟೇ ಕಟ್ಟಿದ ವಸತಿಯಲ್ಲಿ ಫ್ಲ್ಯಾಟ್ ಕೊಳ್ಳುವ ಮುಂಚೆ

ಬೆಳಗಾವಿಯ ತಂಪು ಹವಾಕ್ಕೆ ಮನಸೋತು ನಿವೃತ್ತರು ಇಲ್ಲೇ ಉಳಿಯಬೇಕೆನ್ನುವುದು ಸಹಜ. ಆದರೆ ಹಿರಿಯರ ವಸತಿಯಲ್ಲಿ ಮನೆಯ ಬೆಲೆಗಿಂತ ಮೊದಲು ಕೇಳಬೇಕಾದ್ದು ತಿಂಗಳ ನಿರ್ವಹಣಾ ಶುಲ್ಕ. ಚದರಡಿಗೆ 8 ರೂಪಾಯಿ ಅಂದರೆ 900 ಚದರಡಿಗೆ 7,200. ವರ್ಷಕ್ಕೆ ಶೇ. 8ರಂತೆ ಏರಿದರೆ ಒಂಬತ್ತು ವರ್ಷದಲ್ಲಿ ದುಪ್ಪಟ್ಟು. ಪಿಂಚಣಿ ಹಂಗ ಏರಂಗಿಲ್ಲ. ಊಟ, ನರ್ಸ್ ಖರ್ಚು ಬೇರೆಯೇ ಇರಬಹುದು.

ವಯಸ್ಸಿನ ಷರತ್ತು ಇನ್ನೊಂದು ತೊಡಕು. ನಿಮ್ಮ ನಂತರ ಮನೆ ಮಕ್ಕಳ ಹೆಸರಿಗೆ ಬರುತ್ತದೆ, ಆದರೆ 55 ತುಂಬಿದವರಷ್ಟೇ ಎಂಬ ನಿಯಮವಿದ್ದರೆ ಅವರು ಅಲ್ಲಿ ಇರುವಂತಿಲ್ಲ. ಮಾರೋಣವೆಂದರೆ ಗಿರಾಕಿಗಳೂ ಕಡಿಮೆ. ದಂಪತಿಯಲ್ಲಿ ಹಿರಿಯರು ತೀರಿಕೊಂಡರೆ ಚಿಕ್ಕವರು ಉಳಿಯಬಹುದೇ? ಕರಾರಿನಲ್ಲೇ ಬರೆಸ್ರಿ. ಸಿಗುವುದು ಮಾಲೀಕತ್ವವೋ, ಠೇವಣಿ ಕಟ್ಟಿ ಪಡೆವ ಬರೀ ವಾಸದ ಹಕ್ಕೋ, ಅದೂ ಸ್ಪಷ್ಟವಿರಲಿ. ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ ಪ್ರಕಾರ ಕರಾರುಪತ್ರ ನೋಂದಣಿಗೆ ಮೊದಲು ಬಿಲ್ಡರ್ ಮನೆಯ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತಗೊಳ್ಳುವಂತಿಲ್ಲ.

ಮನೆ ನೋಡಲು ಜುಲೈ ಮಳೆಯಲ್ಲೇ ಹೋಗ್ರಿ. ಬಚ್ಚಲ ಟೈಲ್ಸ್ ಮೇಲೆ ಒಂದು ತಂಬಿಗೆ ನೀರು ಸುರಿದು ಅಂಗೈ ಒತ್ತಿ ಎಳೆದರೆ ಜಾರುವುದು ಗೊತ್ತಾಗುತ್ತದೆ. ಬಾಗಿಲು 900 ಮಿ.ಮೀ. ಇರಲಿ, ಕಿರಿದಾದರೆ ವ್ಹೀಲ್‌ಚೇರ್ ತಳ್ಳಿಕೊಳ್ಳುವವರ ಬೆರಳು ಚೌಕಟ್ಟಿಗೆ ಉಜ್ಜುತ್ತವೆ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೋ ಅಳೀರಿ. ಕ್ಯಾಂಟೀನಿನ ಜೋಳದ ರೊಟ್ಟಿ ಕಟ್ಟಿಸಿದ ಹಲ್ಲಿಗೆ ಹರಿಯುತ್ತದೋ, ಅದನ್ನೂ ಉಂಡೇ ನೋಡ್ರಿ.